ಸೋಡಾ ಸರೋವರ ತುಂಬಿದರೆ ಎಚ್ಚರ

ಕೆರೆ ತುಂಬಿದರೆ ಬಾಗಿನ ಕೊಡುವವರು ನಾವು. ಆದರೆ ನೀರು ಏರಿದಷ್ಟೂ ಜೀವ ಸೊರಗುವ ಸರೋವರಗಳೂ ಭೂಮಿಯ ಮೇಲಿವೆ. ಕೀನ್ಯಾದ ನಕುರು ಅಂಥದ್ದು. 2009ರಿಂದ 2022ರೊಳಗೆ ಅದರ ವಿಸ್ತೀರ್ಣ ಶೇ 91ರಷ್ಟು ಹಿಗ್ಗಿತು. ನೀರಿನಲ್ಲಿ ಪಾಚಿ ಎಷ್ಟಿದೆಯೆಂದು ಸೂಚಿಸುವ ಕ್ಲೋರೊಫಿಲ್ ಸಾಂದ್ರತೆ ಅದೇ ಅವಧಿಯಲ್ಲಿ ಅರ್ಧಕ್ಕೆ ಕುಸಿಯಿತು. ಪೂರ್ವ ಆಫ್ರಿಕದ 22 ಸೋಡಾ ಸರೋವರಗಳನ್ನು ಉಪಗ್ರಹದ ಕಣ್ಣಿನಿಂದ ನೋಡಿ 2024ರಲ್ಲಿ ಪ್ರಕಟವಾದ ಅಧ್ಯಯನ ಕೊಟ್ಟ ಲೆಕ್ಕವಿದು. ಹಿಂದೊಮ್ಮೆ ಹತ್ತು ಲಕ್ಷಕ್ಕೂ ಮಿಕ್ಕಿ ಹಕ್ಕಿಗಳು ಸೇರಿದ್ದ ಈ ಸರೋವರದಲ್ಲಿ ಕಿರು ಫ್ಲೆಮಿಂಗೊಗಳಿಗೆ ಈಗ ಹೊಟ್ಟೆತುಂಬ ಮೇವಿಲ್ಲ.

ಕಾರಣ ನೀರಿನ ರಸಾಯನದಲ್ಲಿದೆ. ಅಲ್ಲಿನ ಜ್ವಾಲಾಮುಖಿ ಶಿಲೆಗಳಲ್ಲಿ ಸೋಡಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಶಿಲೆಯನ್ನು ಕರಗಿಸುತ್ತ ಬೈಕಾರ್ಬೊನೇಟನ್ನು ಹೊತ್ತು ತರುತ್ತದೆ. ಹೊರಹರಿವಿಲ್ಲದ ತಗ್ಗಿನಲ್ಲಿ ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ. ಇದ್ದಷ್ಟು ಕ್ಯಾಲ್ಸಿಯಂ ಸುಣ್ಣಕಲ್ಲಿನ ರೂಪದಲ್ಲಿ ತಳಕ್ಕಿಳಿದ ಮೇಲೆ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ. ಸಮುದ್ರದ ಪಿಎಚ್ ಸುಮಾರು 8.1 ಇದ್ದರೆ ಇಂಥ ನೀರಿನದು 10ರ ಆಸುಪಾಸು. ಬಹುತೇಕ ಜೀವಿಗಳಿಗೆ ಒಗ್ಗದ ಆ ನೀರು ಸ್ಪಿರುಲಿನಾ ಎಂದೇ ಹೆಸರಾದ ಆರ್ಥ್ರೋಸ್ಪೈರಾ ಎಂಬ ನೀಲಿಹಸಿರು ಪಾಚಿಗೆ ತವರು. ಕಿರು ಫ್ಲೆಮಿಂಗೊ ತನ್ನ ಕೊಕ್ಕಿನಲ್ಲಿ ಸೋಸಿ ತಿನ್ನುವುದು ಮುಖ್ಯವಾಗಿ ಇದನ್ನೇ. ಸಿಹಿನೀರು ಮಿತಿಮೀರಿ ಬಂದು ಸೋಡಾ ತೆಳುವಾದರೆ ಆರ್ಥ್ರೋಸ್ಪೈರಾದ ಏಕಸ್ವಾಮ್ಯ ಮುರಿಯುತ್ತದೆ, ಬೇರೆ ಪಾಚಿಗಳು ನುಗ್ಗುತ್ತವೆ. ಆ ಪಾಚಿಗಳು ಫ್ಲೆಮಿಂಗೊಗೆ ಅದರ ಬದಲಿಯಾಗಲಾರವು.

ಇಲ್ಲೊಂದು ಮೋಸವಿದೆ, ಈ ಸಂಪಾದಕೀಯ ಬರೆಯುತ್ತಿರುವುದೇ ಅದಕ್ಕಾಗಿ. ಕ್ಷಾರೀಯ ಸರೋವರದ ಆರೋಗ್ಯ ಕೇಳಿದರೆ ಎಲ್ಲರೂ ಪಿಎಚ್ ಅಂಕಿ ಹೇಳುತ್ತಾರೆ. ಆದರೆ ಆ ಅಂಕಿಯನ್ನು ಹಿಡಿದಿಡುವುದು ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್‌ಗಳ ಅನುಪಾತ. ಮಳೆನೀರು ಬೆರೆತಾಗ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಅನುಪಾತ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಸರೋವರ ತನ್ನ ಅರ್ಧ ಲವಣಾಂಶ ಕಳೆದುಕೊಂಡಾಗಲೂ ಪಿಎಚ್ ಮೀಟರ್ ‘ಎಲ್ಲ ಕ್ಷೇಮ’ ಎಂದೇ ತೋರಿಸಬಹುದು. ಪಿಎಚ್ ಎದ್ದುಕಾಣುವಂತೆ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಮೊದಲು ಕುಸಿಯುವುದು ವಿದ್ಯುತ್ ವಾಹಕತೆ ಮತ್ತು ಒಟ್ಟು ಕ್ಷಾರೀಯತೆ. ಎಚ್ಚರಿಕೆಯ ಗಂಟೆ ಕಟ್ಟಬೇಕಾದದ್ದು ಅವಕ್ಕೆ.

ನಮ್ಮ ಪಕ್ಕದಲ್ಲೇ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಇದೆ. ವಿಜಯಪುರ, ಕಲಬುರಗಿಯ ನೆಲದಡಿ ಹಾಸಿರುವ ದಖ್ಖನಿನ ಅದೇ ಕಪ್ಪುಶಿಲೆಗೆ ಉಲ್ಕೆ ಅಪ್ಪಳಿಸಿ ಆದ ಕುಳಿಯಲ್ಲಿ ನಿಂತ ಸೋಡಾ ನೀರು ಅದು. 2020ರ ಜೂನ್‌ನಲ್ಲಿ ನೀರು ಬತ್ತಿ ಉಪ್ಪಿನಂಶ ಏರಿದಾಗ ಉಪ್ಪುಪ್ರಿಯ ಸೂಕ್ಷ್ಮಜೀವಿಗಳಿಂದ ಸರೋವರ ಗುಲಾಬಿ ಬಣ್ಣ ತಳೆಯಿತು, ದೇಶವೇ ತಿರುಗಿ ನೋಡಿತು. ಅದೇ ವರ್ಷ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ತೆಳುವಾಗುವಾಗ ಅಂಥ ಬಣ್ಣವಿಲ್ಲ, ಸುದ್ದಿಯೂ ಇಲ್ಲ. ಕುಳಿಯ ಅಂಚಿನ ಒರತೆಗಳು ನೀರೂಡುತ್ತವೆ, ಪಕ್ಕದ ಊರಿನ ಕೊಳಚೆಯೂ ಇಳಿಯುತ್ತದೆ. ಸೋಡಾ ತೆಳುವಾಗುವುದು ಒಂದು ಕಷ್ಟ. ಕೊಳಚೆ ತರುವ ಸಾರಜನಕ, ರಂಜಕ ಹೊಸ ಪಾಚಿಗಳಿಗೆ ಗೊಬ್ಬರವಾಗುವುದು ಅದಕ್ಕಿಂತ ದೊಡ್ಡ ಕಷ್ಟ. ನಕುರುವಿಗೂ ನಗರದ ಕೊಳಚೆಯ ಕಾಟವಿದೆ.

ಮಳೆಯನ್ನು ಯಾರೂ ತಡೆಯಲಾರರು. ಆದರೆ ಲೋಣಾರಿಗೆ ಇಳಿಯುವ ಕೊಳಚೆಯನ್ನು ತಡೆಯುವುದು ಅಲ್ಲಿನ ಪುರಸಭೆಯ ಕೈಯಲ್ಲಿದೆ, ಅದಕ್ಕೆ ನೆಪ ಸಲ್ಲದು. ವಾಹಕತೆ, ಕ್ಷಾರೀಯತೆ, ಕ್ಲೋರೊಫಿಲ್ ಮೂರನ್ನೂ ಪ್ರತಿ ತಿಂಗಳು, ದಡದಲ್ಲಷ್ಟೇ ಅಲ್ಲ, ನಡುನೀರಿನಲ್ಲಿ ಬೇರೆಬೇರೆ ಆಳದಲ್ಲೂ ಅಳೆಯಬೇಕು. ತೆಳುನೀರು ಹಗುರ, ಮೇಲೆ ತೇಲುತ್ತದೆ; ದಡದ ಒಂದು ಬಾಟಲಿ ಇಡೀ ಸರೋವರದ ಕಥೆ ಹೇಳದು. ಅಂಕಿಗಳು ಕಡತದಲ್ಲಿ ಉಳಿಯದೆ ಜನರ ಮುಂದೆ ಬರಲಿ. ಈ ಕೆಲಸ ಮುಂದಿನ ಮುಂಗಾರಿಗೆ ಮುನ್ನವೇ ಶುರುವಾಗಬೇಕು. ಮಳೆಗೆ ಮುಂಚಿನ ಅಳತೆ ಇಲ್ಲದಿದ್ದರೆ ಮಳೆಯ ನಂತರ ಎಷ್ಟು ಕಳೆದುಕೊಂಡೆವೆಂದು ಹೋಲಿಸಲು ಏನೂ ಇರುವುದಿಲ್ಲ.