ಗುರುತಿಲ್ಲದ ಗಿಯರ್, ಹುಸಿ ದಾಸ್ತಾನು

ರಾಯಚೂರು, ಮಾನ್ವಿ, ದೇವದುರ್ಗಗಳ ಅಕ್ಕಿ ಗಿರಣಿ ಹಾಗೂ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ವ್ಯಾಪಾರಿಗಳು, ಸಂಖ್ಯೆ ಅಳಿಸಿಹೋದ ಲೋಹದ ಗಿಯರ್‌ಗಳನ್ನು ಖರೀದಿ ಬೆಲೆಯಲ್ಲಿಯೇ ದಾಸ್ತಾನಿಗೆ ಸೇರಿಸುವುದು ಸಾಧುವಲ್ಲ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ಮಾರಾಟದಿಂದ ದೊರೆಯಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಯಾವ ಯಂತ್ರದ್ದೆಂದು ತಿಳಿಯದ ಗಿಯರಿಗೆ ಗುಜರಿ ಬೆಲೆಯೇ ಗತಿ. ಅದನ್ನು ಪೂರ್ಣ ಬೆಲೆಗೆ ಬರೆದರೆ ಇಲ್ಲದ ಲಾಭ ಕಾಣುತ್ತದೆ. ಅದರ ಮೇಲೆ ತೆರಿಗೆಯೂ ಬೀಳುತ್ತದೆ.

ಗುರುತಿಸುವ ಕಾರ್ಯವೇನೂ ದುಸ್ಸಾಧ್ಯವಲ್ಲ. ನೇರ ಹಲ್ಲಿನ ಸಾಮಾನ್ಯ ಗಿಯರಿನಲ್ಲಿ ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ, ಆ ಮೊತ್ತದಿಂದ ಹೊರವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ ದೊರೆಯುತ್ತದೆ. ಹೊರವ್ಯಾಸ 88 ಮಿ.ಮೀ., ಹಲ್ಲು 42 ಇದ್ದರೆ ಮಾಡ್ಯೂಲ್ 2. ರೇಡಿಯೊ ನಿಯಂತ್ರಿತ ಆಟಿಕೆ ಟ್ರಕ್ಕುಗಳ ಪುಟ್ಟ ಗಿಯರ್‌ಗಳಿಗೂ ಇದೇ ಸೂತ್ರ. ಆದರೆ ಅಲ್ಲಿ ಎಚ್ಚರ ಹೆಚ್ಚು ಬೇಕು. ಅಂಗುಲ ಪದ್ಧತಿಯ 32 ಪಿಚ್ ಗಿಯರ್ ಸುಮಾರು 0.794 ಮಾಡ್ಯೂಲಿಗೆ ಸಮ. 0.8 ಮಾಡ್ಯೂಲಿನ ಗಿಯರ್ ಕಣ್ಣಿಗೆ ಅದರಂತೆಯೇ ಕಂಡರೂ ಎರಡೂ ಬೇರೆ. ಬೆರೆಸಿ ಮಾರಿದರೆ ಗಿರಾಕಿ ದೂರವಾಗಬಹುದು.

ಆದ್ದರಿಂದ ಮಾರ್ಚ್ 31ರ ದಾಸ್ತಾನು ಎಣಿಕೆಗೆ ಮುನ್ನವೇ ಪ್ರತಿ ಗಿಯರಿನ ಹಲ್ಲು, ಹೊರವ್ಯಾಸ, ಒಳರಂಧ್ರ, ದಪ್ಪಗಳನ್ನು ಅಳೆದು ಚೀಟಿ ಕಟ್ಟುವುದು ಲೇಸು. ಗುರುತು ಸಿಕ್ಕಿದ್ದು ಸರಕು, ಸಿಗದಿದ್ದುದು ಗುಜರಿ.