ಕೆಸರಿಗೆ ಸಿಗದ ಕಪಾಟು
2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭಾಗದಲ್ಲಿ ಗುಡ್ಡ ಕುಸಿದಾಗ ವೆಳ್ಳಾರ್‌ಮಲ ಸರ್ಕಾರಿ ಶಾಲೆಯೂ ಜರ್ಜರಿತವಾಯಿತು. ಸೆಪ್ಟೆಂಬರಿನಲ್ಲಿ ಮಕ್ಕಳು ಮೇಪ್ಪಾಡಿಯಲ್ಲಿ ಮತ್ತೆ ತರಗತಿಗೆ ಕೂತರು. ಕೆಸರು ಕಪಾಟಿನ ಪುಸ್ತಕ ನುಂಗಬಹುದು, ಕೇರಳದ ‘ಸಮಗ್ರ’ ಪೋರ್ಟಲ್‌ನಲ್ಲಿರುವ ಗಣಿತ, ವಿಜ್ಞಾನದ ಪಾಠಸಾಮಗ್ರಿಯನ್ನಲ್ಲ. ನಮ್ಮಲ್ಲೂ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಇದೆ: ಮೇಷ್ಟ್ರುಗಳೂ ಕೂಡಿ ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟದ್ದು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಒಂದು ಶೃಂಗ ಹಿಡಿದೆಳೆದರೆ ಆಕಾರ ಬದಲಾದರೂ ಕೋನಗಳ ಮೊತ್ತ 180 ಡಿಗ್ರಿಯೇ ಎಂಬುದು ಹಿಂದಿನ ಬೆಂಚಿಗೂ ಕಾಣುತ್ತದೆ. ಆದರೆ ಯಾವ ಪಾಠಕ್ಕೆ ಯಾವುದು ಎಂದು ಆರಿಸಲು ಮೇಷ್ಟ್ರಿಗೆ ಬಿಡುವು ಬೇಕು. ಇಂಟರ್ನೆಟ್ ಕೊಡುವ ಸರ್ಕಾರಗಳು ಮೇಷ್ಟ್ರಿಗೆ ಹೊರಿಸುವ ಗಣತಿ, ಚುನಾವಣೆ ಕೆಲಸಗಳ ನಡುವೆ ಆ ಬಿಡುವನ್ನೂ ಉಳಿಸಿಕೊಡಲಿ.