ಡಿಸ್ಕ್ ಸರಿ ಇಲ್ಲ ಅನ್ನೋ ಮುಂಚೆ

ಕಾಲೇಜು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯ ಅಣ್ಣನ ಹತ್ತಿರ ನಾವು ಜಗಳ ಆಡಿದ್ದು ಒಂದು ಶನಿವಾರ ಸಂಜೆ. ನಾವು ಅಂದ್ರೆ ಒಂದೇ ಫೈನಲ್ ಇಯರ್ ಪ್ರಾಜೆಕ್ಟಿನ ನಾಲ್ಕು ಜನ. ಸೋಮವಾರ ಬೆಳಿಗ್ಗೆ ವರದಿ ಸಲ್ಲಿಸಬೇಕು. ವರದಿಯ ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಸಿ.ಡಿ. ಇರಬೇಕು, ಸಿ.ಡಿ. ಇಲ್ಲದ ವರದಿಗೆ ಸಹಿ ಬೀಳಲ್ಲ. ಅಣ್ಣ ಕೊಟ್ಟ ಖಾಲಿ ಡಿಸ್ಕುಗಳಲ್ಲಿ ಐದು ಕೆಟ್ಟಿದ್ದವು. ಅಂದರೆ, ಕೆಟ್ಟಿವೆ ಅಂತ ನಾವು ತೀರ್ಮಾನ ಮಾಡಿದ್ದೆವು. "ಏನಣ್ಣ, ಡೂಪ್ಲಿಕೇಟ್ ಮಾಲ್ ಮಾರ್ತೀರಾ" ಅಂತ ಅಂಗಡಿ ತುಂಬ ಜನ ಇದ್ದಾಗಲೇ ಅಂದುಬಿಟ್ಟೆವು. ಅವರು ಮರುಮಾತಾಡದೆ ಐದನ್ನೂ ವಾಪಸ್ ತಗೊಂಡು ಐದು ಹೊಸದು ಎಣಿಸಿ ಕೊಟ್ಟರು.

ಆ ಐದರಲ್ಲಿ ಒಂದೂ ಡೂಪ್ಲಿಕೇಟ್ ಆಗಿರಲಿಲ್ಲ. ಮೂರರಲ್ಲಿ ನಮ್ಮ ಪ್ರಾಜೆಕ್ಟ್ ಒಂದು ಬೈಟೂ ತಪ್ಪದೆ ಕೂತಿತ್ತು. ಒಂದು ಇನ್ನೂ ಖಾಲಿಯೇ ಇತ್ತು. ಒಂದು ಮಾತ್ರ ನಿಜವಾಗಿ ಹಾಳಾಗಿತ್ತು, ಅದನ್ನು ಹಾಳು ಮಾಡಿದ್ದು ನಾವು.

ಈ ಕಾಲದಲ್ಲಿ ಸಿ.ಡಿ. ಯಾರ್ರೀ ಬರ್ನ್ ಮಾಡ್ತಾರೆ, ಪೆನ್‌ಡ್ರೈವ್ ಕೊಟ್ರೆ ಸಾಲದಾ ಅಂತ ನೀವು ಕೇಳಬಹುದು. ನಾವೂ ಕೇಳಿದ್ದೆವು. ಆದರೆ ಈ ವಿಷಯದಲ್ಲಿ ಡಿಪಾರ್ಟ್‌ಮೆಂಟಿನವರ ಪರವಾಗಿಯೇ ಒಂದು ಮಾತು ಹೇಳಬೇಕು. ಪೆನ್‌ಡ್ರೈವಿನಲ್ಲಿ ಇರೋದನ್ನು ನಾಳೆ ಯಾರು ಬೇಕಾದ್ರೂ ಅಳಿಸಬಹುದು, ಬದಲಾಯಿಸಬಹುದು. ಒಮ್ಮೆ ಬರೆದು ಮುಚ್ಚಿದ ಸಿ.ಡಿ.-ಆರ್ ಹಾಗಲ್ಲ. ಸಲ್ಲಿಸಿದ ದಿನ ಏನಿತ್ತೋ ಅದೇ ಇರುತ್ತೆ. ಅದೂ ಅಲ್ಲದೆ ಪೆನ್‌ಡ್ರೈವ್ ಕೂಡ ಸಾಚಾ ಅಲ್ಲ: ಕಾಪಿ ಮುಗೀತು ಅಂತ ಪರದೆ ಹೇಳಿದ ಮೇಲೂ ಡೇಟಾ ಇನ್ನೂ ಮೆಮೊರಿಯಲ್ಲೇ ಕಾಯ್ತಿರುತ್ತೆ, ನಾವು ಕಿತ್ತುಕೊಂಡು ಓಡ್ತೀವಿ. ಹಾಗಾಗಿ ಸಿ.ಡಿ. ಬೇಕಾ ಬೇಡವಾ ಅನ್ನೋದು ನಮ್ಮ ತಕರಾರಲ್ಲ. ಏನಾದ್ರೂ ಕೈಕೊಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಯಂತ್ರವೇ ಬರೆದು ತೋರಿಸ್ತಾ ಇದ್ರೂ ನಾವು ಓದಲ್ಲ, ಪಕ್ಕದವರ ಮೇಲೆ ಗೂಬೆ ಕೂರಿಸ್ತೀವಿ. ತಕರಾರು ಅದರ ಬಗ್ಗೆ, ಅದೂ ನಮ್ಮ ಮೇಲೆಯೇ.

ನಡೆದಿದ್ದು ಹೀಗೆ. ಕನ್ನಡ ಸಂಘದ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದರಲ್ಲಿ ಲಿನಕ್ಸ್, ಅದೂ ಡೆಸ್ಕ್‌ಟಾಪ್ ಇಲ್ಲದ ಬರೀ ಕಪ್ಪು ಪರದೆ. ಸೀನಿಯರ್ ಒಬ್ಬರಿಂದ ತಂದ ತೆಳ್ಳನೆಯ ಯುಎಸ್‌ಬಿ ರೈಟರ್ ಇತ್ತು. ಪ್ರಾಜೆಕ್ಟ್ ಕನ್ನಡದ ಧ್ವನಿ ಗುರುತಿಸೋದು. ನಾಲ್ವರ ಊರುಗಳಲ್ಲೂ ಓಡಾಡಿ ಅಜ್ಜಿ, ಮಾವ, ಬಸ್ ಕಂಡಕ್ಟರ್, ಸಿಕ್ಕಿದವರ ಕೈಲೆಲ್ಲ ವಾಕ್ಯ ಹೇಳಿಸಿ ರೆಕಾರ್ಡ್ ಮಾಡಿದ ಮೂರೂವರೆ ಗಂಟೆಯ ಧ್ವನಿ, ಜೊತೆಗೆ ಕೋಡ್. ಎಲ್ಲ ಸೇರಿಸಿ ಮಾಡಿದ ಐಎಸ್‌ಒ ಇಮೇಜ್ 41,20,26,880 ಬೈಟ್. ಈ ಸಂಖ್ಯೆ ನಮಗೆ ಬಾಯಿಪಾಠ ಆಗಿಹೋಗಿದೆ.

ಮೊದಲ ಡಿಸ್ಕ್ ಹಾಕಿ ವೊಡಿಮ್ ಓಡಿಸಿದೆವು. ಒಂದು ಪುಟದಷ್ಟು ಸಾಲು ಉದುರಿಸಿ ಅದು ನಿಂತುಹೋಯ್ತು. ಕೊನೆಯಲ್ಲಿ ಸೆನ್ಸ್ ಕೀ 3, ಮೀಡಿಯಂ ಎರರ್ ಅಂತ ಇತ್ತು. "ನೋಡ್ರೋ, ಮೀಡಿಯಂ ಎರರ್ ಅಂತೆ. ಡಿಸ್ಕೇ ಸರಿ ಇಲ್ಲ." ಅಲ್ಲಿಗೆ ತನಿಖೆ ಮುಗೀತು. ಅದರ ಕೆಳಗಿನ ಸಾಲಲ್ಲಿ ಸೆನ್ಸ್ ಕೋಡ್ 73, ಕ್ವಾಲಿಫೈಯರ್ 03, ಪವರ್ ಕ್ಯಾಲಿಬ್ರೇಷನ್ ಏರಿಯಾ ಎರರ್ ಅಂತ ಇನ್ನೂ ಸ್ಪಷ್ಟವಾಗಿ ಬರೆದಿತ್ತು. ಅಷ್ಟು ದೂರ ಯಾರೂ ಓದಲಿಲ್ಲ.

ಓದಿದ್ರೆ ಏನು ತಿಳೀತಿತ್ತು? ಡಿಸ್ಕಿನ ಮೇಲೆ ನಮ್ಮ ಡೇಟಾ ಬರೆಯೋಕೆ ಮುಂಚೆ ರೈಟರ್, ಒಳಭಾಗದಲ್ಲಿ ಇದಕ್ಕೇ ಅಂತ ಬಿಟ್ಟಿರೋ ಜಾಗದಲ್ಲಿ, ಲೇಸರ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಿ ಪರೀಕ್ಷೆ ಬರೆದು ನೋಡುತ್ತೆ. ದೋಸೆ ಹೊಯ್ಯೋಕೆ ಮುಂಚೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಆ ಪರೀಕ್ಷೆಯೇ ಫೇಲ್ ಆಗಿತ್ತು. ಅಂದರೆ ನಮ್ಮ ಡೇಟಾ ಒಂದು ಬೈಟೂ ಹೋಗಿರಲಿಲ್ಲ, ಡಿಸ್ಕ್ ಖಾಲಿಯೇ ಇತ್ತು. ಕಾರಣ ಡಿಸ್ಕಿನ ಬಣ್ಣದ ಪದರ ಇರಬಹುದು, ಲೆನ್ಸ್ ಮೇಲಿನ ಧೂಳು ಇರಬಹುದು, ಅಥವಾ ಲೇಸರಿಗೆ ಬೇಕಾದಷ್ಟು ಕರೆಂಟ್ ಸಿಗದೇ ಇರಬಹುದು. ನಮ್ಮದು ಕೊನೆಯದು. ರೈಟರನ್ನು ನಾವು ಸಿಕ್ಕಿಸಿದ್ದು ಒಂದು ಅಗ್ಗದ ಯುಎಸ್‌ಬಿ ಹಬ್ಬಿಗೆ. ಅದೇ ಹಬ್ಬಿನಲ್ಲಿ ಒಬ್ಬನ ಫೋನೂ ಚಾರ್ಜ್ ಆಗ್ತಿತ್ತು. ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ ಕೊಡೋದು 500 ಮಿಲಿಆಂಪಿಯರ್. ಬೇರೆ ಅಡಾಪ್ಟರ್ ಇಲ್ಲದ ಹಬ್ ಅದನ್ನೇ ಹಂಚಬೇಕು. ಬರೀ ಓದೋಕೆ ಅಷ್ಟು ಸಾಕಾದೀತು, ಬರೆಯೋಕೆ ಸಾಲಲ್ಲ.

ಎರಡನೇ ಡಿಸ್ಕ್ ಅದೇ ಹಬ್ಬಿನಲ್ಲಿ ಅರ್ಧ ದಾರಿ ಹೋಗಿ ಸತ್ತಿತು. ಡಿ-ಎಂ-ಇ-ಎಸ್-ಜಿ ಅಂತ ಐದಕ್ಷರ ಟೈಪ್ ಮಾಡಿದ್ದರೆ ಕರ್ನಲ್ ತನ್ನ ದಿನಚರಿ ತೆರೆದು ತೋರಿಸ್ತಿತ್ತು: ಯುಎಸ್‌ಬಿ ಸಾಧನ ಕಳಚಿಕೊಂಡಿತು, ಮತ್ತೆ ಸೇರಿಕೊಂಡಿತು, ಇಂಥ ಹೊತ್ತಿಗೆ, ಅಂತ. ಅದನ್ನು ನಾವು ಓದಿದ್ದು ಎಂಟು ಗಂಟೆ ತಡವಾಗಿ.

ಮೂರನೇ ಸಲಕ್ಕೆ ಎರಡು ಬದಲಾವಣೆ ಒಟ್ಟಿಗೆ ಆದವು. ವೇಗವನ್ನು 24ರಿಂದ 8ಕ್ಕೆ ಇಳಿಸಿದೆವು. ಅದೇ ಹೊತ್ತಿಗೆ ಫೋನಿನವನು ಮೆಸ್ಸಿಗೆ ಹೊರಟಾಗ ಹಬ್ಬನ್ನೂ ಕಿತ್ತುಕೊಂಡು ಹೋದ, ರೈಟರನ್ನು ನೇರವಾಗಿ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಹಾಕಿದೆವು. ಬರಹ ಪೂರ್ತಿ ಆಯ್ತು, ಐದೂವರೆ ನಿಮಿಷದಲ್ಲಿ. ಸ್ಪೀಡ್ ಕಮ್ಮಿ ಮಾಡಿದ್ದಕ್ಕೆ ಸರಿಹೋಯ್ತು ಅಂತ ಎದೆ ತಟ್ಟಿಕೊಂಡೆವು. ಹಾಸ್ಟೆಲಿನಲ್ಲಿ ಇಬ್ಬರಿಗೆ ಆ ಸಲಹೆಯನ್ನೂ ಕೊಟ್ಟೆವು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಔಷಧಿ ಅಂತ ಗೊತ್ತಾಗಲ್ಲ ಅನ್ನೋದು ಪಿಯುಸಿ ಲ್ಯಾಬಿನ ಪಾಠ.

ಆದರೆ ನಾವು ಪೂರ್ತಿ ದಡ್ಡರಲ್ಲ, ಪರಿಶೀಲನೆ ಮಾಡಿದೆವು! ಡಿಡಿ ಕಮಾಂಡಿನಿಂದ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಿಸಿ ಅದರ ಎಂಡಿ5 ಚೆಕ್‌ಸಮ್ ತೆಗೆದು ಮೂಲ ಇಮೇಜಿನ ಜೊತೆ ಹೋಲಿಸಿದೆವು. ಓದುವ ಕೊನೆಯಲ್ಲಿ ಇನ್‌ಪುಟ್/ಔಟ್‌ಪುಟ್ ಎರರ್. ಚೆಕ್‌ಸಮ್ ಹೊಂದಲಿಲ್ಲ. ಡಿಸ್ಕ್ ಮೂಲೆಗೆ. ನಾಲ್ಕನೆಯದೂ ಹಾಗೇ, ಐದನೆಯದೂ ಹಾಗೇ. ಆಗಲೇ ಅಂಗಡಿಗೆ ನುಗ್ಗಿದ್ದು.

ಹೊಸ ಡಿಸ್ಕುಗಳಲ್ಲಿ ಮೊದಲನೆಯದೂ ರಾತ್ರಿ ಅದೇ ಎರರ್ ಕೊಟ್ಟಾಗ ನಮ್ಮಲ್ಲೊಬ್ಬಳು ಸುಮ್ಮನೆ ಡಿಸ್ಕಿನ ವಿಷಯಸೂಚಿ ತೆಗೆದು ನೋಡಿದಳು. ವೊಡಿಮ್‌ಗೆ ಟಾಕ್ ಅನ್ನೋ ಆಯ್ಕೆ ಕೊಟ್ಟರೆ ಟ್ರ್ಯಾಕ್ ಎಲ್ಲಿ ಶುರು, ಲೀಡ್‌ಔಟ್ ಎಲ್ಲಿ ಶುರು ಅಂತ ಹೇಳುತ್ತೆ. ಲೀಡ್‌ಔಟ್ 201187 ಅಂತ ಇತ್ತು. ಒಂದು ಸೆಕ್ಟರಿಗೆ 2048 ಬೈಟಿನಂತೆ ನಮ್ಮ ಇಮೇಜನ್ನು ಭಾಗಿಸಿದರೆ 201185. ಎರಡು ಜಾಸ್ತಿ. ಹಳೇ ಡಿಸ್ಕುಗಳ ಲಾಗ್‌ನಲ್ಲೂ ಎರರ್ ಬಂದಿದ್ದು ಅದೇ ಕೊನೆಯ ಜಾಗದಲ್ಲಿ. ಬೇರೆ ಬೇರೆ ಡಿಸ್ಕ್ ಒಂದೇ ಸೆಕ್ಟರಿನಲ್ಲಿ ಕೆಡೋದು ಹೇಗೆ?

ಕೆಟ್ಟಿರಲಿಲ್ಲ. ಸಿ.ಡಿ. ಬರೆಯೋಕೆ ಟ್ರ್ಯಾಕ್ ಅಟ್ ಒನ್ಸ್ ಅಂತ ಒಂದು ವಿಧಾನ ಇದೆ, ಟಿಎಒ. ಅದರಲ್ಲಿ ಟ್ರ್ಯಾಕ್ ಮುಗಿದಾಗ ಲೇಸರ್ ಆರಿಸಬೇಕು, ಆರಿಸೋ ಮುಂಚೆ ರೈಟರ್ ಎರಡು ರನ್-ಔಟ್ ಸೆಕ್ಟರ್ ಬರೆಯುತ್ತೆ. ವಿಷಯಸೂಚಿಯ ಲೆಕ್ಕದಲ್ಲಿ ಅವೆರಡೂ ಟ್ರ್ಯಾಕಿಗೆ ಸೇರಿವೆ, ಆದರೆ ಓದುವಂಥ ಡೇಟಾ ಅಲ್ಲಿ ಇಲ್ಲ. ಕೊನೆವರೆಗೆ ಓದು ಅಂತ ನಾವು ಹೇಳಿದೆವು, ಡಿಡಿ ಪಾಪ ಆ ಎರಡನ್ನೂ ಓದೋಕೆ ಹೋಗಿ ಮುಗ್ಗರಿಸ್ತು. ಜೊತೆಗೆ ಓದುತ್ತಿದ್ದ ಕೊನೆಯ ತುಂಡನ್ನೂ ಬಿಟ್ಟುಬಿಡ್ತು, ಚೆಕ್‌ಸಮ್ ತಪ್ಪಿತು. ಬ್ಲಾಕ್ ಸೈಜ್ 2048, ಕೌಂಟ್ 201185 ಅಂತ ಡಿಡಿಗೆ ಲೆಕ್ಕ ಕೊಟ್ಟು ಅಷ್ಟನ್ನೇ ಓದಿಸಿದೆವು. ಮೂವತ್ತೆರಡು ಅಂಕಿಯೂ ಹೊಂದಿದವು. ರಾತ್ರಿ ಒಂದೂವರೆ. ಯಾರೂ ಕುಣಿಯಲಿಲ್ಲ. ಎಲ್ಲರಿಗೂ ಅಂಗಡಿಯ ಅಣ್ಣನ ಮುಖ ನೆನಪಾಗಿತ್ತು.

ಇನ್ನೂ ಚುಚ್ಚಿದ್ದು ಇದು. ವೊಡಿಮ್ ಪ್ರತಿ ಸಲವೂ, ಡಿಸ್ಕ್ ಮುಟ್ಟೋ ಮುಂಚೆಯೇ, ಬರೆಯುವ ವಿಧಾನ ನೀವು ಹೇಳಿಲ್ಲ, ಟಿಎಒ ಅಂತ ಅಂದುಕೊಳ್ತೀನಿ ಅಂತ ಪರದೆ ಮೇಲೆ ಹೇಳಿಯೇ ಮುಂದುವರಿದಿತ್ತು. ಆರು ಸಲ ಹೇಳಿದೆ. ಎಸ್‌ಎಒ, ಅಂದರೆ ಸೆಷನ್ ಅಟ್ ಒನ್ಸ್, ಅಂತ ಒಂದೇ ಒಂದು ಆಯ್ಕೆ ಸೇರಿಸಿದ್ರೆ ಆ ಎರಡು ಸೆಕ್ಟರಿನ ಪ್ರಶ್ನೆಯೇ ಬರಲ್ಲ. ಏಳನೇ ಡಿಸ್ಕ್ ಹಾಗೆ ಬರೆದೆವು. ಲೀಡ್‌ಔಟ್ ಸರಿಯಾಗಿ 201185ಕ್ಕೆ ಬಂತು.

ಆರನೇ ಸೆಮಿಸ್ಟರಿನಲ್ಲಿ ರೀಡ್-ಸಾಲಮನ್ ಕೋಡ್ ಬಗ್ಗೆ ಹತ್ತು ಮಾರ್ಕಿಗೆ ನಾವೆಲ್ಲ ಬರೆದಿದ್ದೇವೆ. ಸಿ.ಡಿ.ಯ ಒಂದು ಸೆಕ್ಟರಿನಲ್ಲಿ 2352 ಬೈಟ್, ಅದರಲ್ಲಿ ನಮ್ಮ ಡೇಟಾ 2048, ದೋಷ ತಿದ್ದೋಕೆ ಅಂತಲೇ 276. ಅದರ ಚಿತ್ರ ಬಿಡಿಸಿ ಬಾಣ ಹಾಕಿ ಮಾರ್ಕ್ ತಗೊಂಡವರೇ ನಾವು. ಆದ್ರೆ ಕಣ್ಣ ಮುಂದಿನ ದೋಷ ಒಂದು ವಾಕ್ಯದಲ್ಲಿ ತನ್ನ ಹೆಸರು ಹೇಳಿದಾಗ ಅದನ್ನು ಓದೋ ತಾಳ್ಮೆ ಇರಲಿಲ್ಲ. ಸೆನ್ಸ್ ಕೀ ಅನ್ನೋದು ಮಂತ್ರವೇನಲ್ಲ. 2 ಅಂದ್ರೆ ಡ್ರೈವ್ ಇನ್ನೂ ತಯಾರಿಲ್ಲ. 3 ಅಂದ್ರೆ ಡಿಸ್ಕಿನ ಮೇಲೆ ಬರೆಯೋದ್ರಲ್ಲೋ ಓದೋದ್ರಲ್ಲೋ ತೊಡಕು. 4 ಯಂತ್ರದ್ದೇ ದೋಷ. 5 ಅಂದ್ರೆ ತಪ್ಪು ಕೇಳಿದವರದ್ದು: ಡ್ರೈವಿಗೆ ಆಗದ್ದನ್ನು ನಾವು ಕೇಳಿದ್ದೀವಿ. 5 ಬಂದಾಗಲೂ ಡಿಸ್ಕ್ ಬಿಸಾಡೋರನ್ನು ನೋಡಿದ್ದೀವಿ.

ಪ್ರೋಗ್ರಾಮಿನ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ಇದ್ದದ್ದು ಯೊರ್ಗ್ ಶಿಲ್ಲಿಂಗ್ ಬರೆದ ಸಿಡಿರೆಕಾರ್ಡ್. 2006ರಲ್ಲಿ ಲೈಸೆನ್ಸ್ ಜಗಳ ಆಗಿ ಡೆಬಿಯನ್‌ನವರು ಕವಲು ಒಡೆದು ವೊಡಿಮ್ ಮಾಡಿಕೊಂಡರು. ಅದು 2010ರ ಆಚೆ ಬೆಳೆದಿಲ್ಲ. ಡೆಬಿಯನ್ ಬಳಗದಲ್ಲಿ ನೀವು ಸಿಡಿರೆಕಾರ್ಡ್ ಅಂತ ಟೈಪ್ ಮಾಡಿದ್ರೂ ಓಡೋದು ವೊಡಿಮ್ಮೇ ಇರಬಹುದು. ಹಾಗಾಗಿ ಎಲ್ಲೋ ಓದಿದ ಸಲಹೆ ನಿಮ್ಮ ಯಂತ್ರದಲ್ಲಿ ಬೇರೆ ಥರ ವರ್ತಿಸುತ್ತೆ. ಸಿ.ಡಿ.ಗೆ ವೊಡಿಮ್ ಇನ್ನೂ ನಡೆಯುತ್ತೆ. ಡಿವಿಡಿ ಬರೆಯೋರು ಗ್ರೋಐಸೊಎಫ್‌ಎಸ್ ಅಥವಾ ಝೋರಿಸೋ ಬಳಸಿ. ಈಗ ಹೊಸದಾಗಿ ಕಲಿಯೋರಿಗೆ ನಾವು ಝೋರಿಸೋವನ್ನೇ ಹೇಳ್ತೀವಿ. ಬರೆದ ಮೇಲೆ ಡಿಸ್ಕ್ ಪರೀಕ್ಷಿಸೋ ಆಯ್ಕೆಯೂ ಅದರೊಳಗೇ ಇದೆ.

ನಮ್ಮ ಸಂಘದವರಿಗೆ ಅಂತ ಇನ್ನೊಂದು ಸಂಗತಿ. ನಮ್ಮ ಧ್ವನಿ ಕಡತಗಳ ಹೆಸರು ಕನ್ನಡದಲ್ಲಿದ್ದವು, ಹೇಳಿಸಿದ ವಾಕ್ಯವೇ ಕಡತದ ಹೆಸರು. ಇಮೇಜ್ ಮಾಡುವಾಗ ರಾಕ್ ರಿಡ್ಜ್ ಮತ್ತು ಜೋಲಿಯಟ್ ಎರಡೂ ಹೇಳದಿದ್ದರೆ ಐಎಸ್‌ಒ 9660 ಹಳೇ ಕಾಲದ ಎಂಟಕ್ಷರ, ಚುಕ್ಕಿ, ಮೂರಕ್ಷರಕ್ಕೆ ಎಲ್ಲವನ್ನೂ ಕತ್ತರಿಸುತ್ತೆ, ಕನ್ನಡ ಇದ್ದಲ್ಲಿ ಬರೀ ಅಡಿಗೆರೆ ಉಳಿಯುತ್ತೆ. ವಿಂಡೋಸಿನಲ್ಲಿ ಕನ್ನಡ ಹೆಸರು ಕಾಣಬೇಕಾದ್ರೆ ಜೋಲಿಯಟ್ ಬೇಕೇ ಬೇಕು. ಅದರ ಮಿತಿ 64 ಅಕ್ಷರ. ಅರವತ್ನಾಲ್ಕು ಧಾರಾಳ ಅನ್ನಿಸುತ್ತೆ, ಆದರೆ ಯೂನಿಕೋಡ್ ಲೆಕ್ಕದಲ್ಲಿ "ಸ್ತ್ರೀ" ಒಂದಲ್ಲ, ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು. ಒಂದೇ ಥರ ಶುರುವಾಗೋ ಉದ್ದದ ಎರಡು ವಾಕ್ಯ ಇದ್ರೆ ಕತ್ತರಿಸಿದ ಮೇಲೆ ಎರಡೂ ಒಂದೇ ಹೆಸರಾಗಿ ಇಮೇಜೇ ಆಗಲ್ಲ. ಜೋಲಿಯಟ್-ಲಾಂಗ್ ಅಂತ ಕೊಟ್ಟರೆ ಮಿತಿ 103ಕ್ಕೆ ಏರುತ್ತೆ. ನಾವು ಕೊನೆಗೆ ಕಡತಗಳಿಗೆ ಸಂಖ್ಯೆ ಕೊಟ್ಟು ವಾಕ್ಯಗಳನ್ನು ಬೇರೆ ಪಟ್ಟಿಯಲ್ಲಿ ಇಟ್ಟೆವು. ಸೋತೆವು ಅಂತಲೇ ಅಂದುಕೊಳ್ಳಿ.

ಸೋಮವಾರ ವರದಿ ತಗೊಂಡವರು ಲಕೋಟೆಯನ್ನು ಹೊರಗಿನಿಂದ ಒತ್ತಿ, ಒಳಗೆ ಗುಂಡಗೆ ಏನೋ ಇದೆ ಅಂತ ಖಾತ್ರಿ ಮಾಡಿಕೊಂಡು ಸಹಿ ಹಾಕಿದರು. ಖಾಲಿ ಡಿಸ್ಕ್ ಇಟ್ಟಿದ್ದರೂ ನಡೀತಿತ್ತು. ಡಿಸ್ಕ್ ಬೇಕು ಅಂತ ಹಟ ಹಿಡಿಯೋರು ಅದನ್ನು ಒಮ್ಮೆ ಓದಿಸಿ ನೋಡಬೇಕು ಅಲ್ವಾ? ನೂರಾರು ಡಿಸ್ಕ್ ತೆರೆಯೋಕೆ ಸಮಯ ಇಲ್ಲ ಅಂತಾರೆ, ಒಪ್ಪೋಣ. ವರದಿಯ ಕೊನೆ ಪುಟದಲ್ಲಿ ಸೆಕ್ಟರ್ ಸಂಖ್ಯೆ ಮತ್ತು ಚೆಕ್‌ಸಮ್ ಅಚ್ಚು ಹಾಕಿಸೋದನ್ನು ಕಡ್ಡಾಯ ಮಾಡಲಿ. ಹತ್ತರಲ್ಲಿ ಒಂದನ್ನು ಹೊಂದಿಸಿ ನೋಡಿದ್ರೂ ಸಾಕು, ಉಳಿದ ಒಂಬತ್ತು ಗುಂಪಿನವರು ತಾವಾಗಿಯೇ ಎಚ್ಚರ ಆಗ್ತಾರೆ. ನಾವು ಯಾರೂ ಕೇಳದಿದ್ರೂ ಆ ಎರಡು ಸಾಲು ಹಾಕಿದ್ದೇವೆ.

ಸಹಿ ಆದ ಮೇಲೆ ನಾಲ್ವರೂ ಅಂಗಡಿಗೆ ಹೋದೆವು, ಐದು ಡಿಸ್ಕಿನ ದುಡ್ಡು ಹಿಡಿದುಕೊಂಡು. ಕೆಟ್ಟಿದ್ದು ನಿಮ್ಮ ಮಾಲಲ್ಲ ಅಣ್ಣ, ನಮ್ಮ ತಪ್ಪು, ಅಂತ ಶನಿವಾರ ಕೂಗಿದಷ್ಟೇ ಜೋರಾಗಿ ಹೇಳೋಕೆ ನೋಡಿದೆವು. ಆಗಲಿಲ್ಲ, ದನಿ ಏಳಲಿಲ್ಲ. ಅವರು ದುಡ್ಡು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು, "ಇನ್ನೆರಡು ನಿಮಿಷ ಮುಂಚೆ ಬಂದಿದ್ರೆ ಟೀ ಸಿಗ್ತಿತ್ರಪ್ಪ" ಅಂದರು. ವಾಪಸ್ ಕೊಟ್ಟ ಡಿಸ್ಕುಗಳು ಎಲ್ಲಿ ಅಂತ ಕೇಳಿದ್ದಕ್ಕೆ ತಲೆ ಎತ್ತಿ ತೋರಿಸಿದರು. ಪಾರಿವಾಳ ಕೂರಬಾರದು ಅಂತ ಶೀಟಿನ ಅಂಚಿಗೆ ದಾರ ಕಟ್ಟಿ ಐದನ್ನೂ ನೇತುಹಾಕಿದ್ದರು. ಎರಡನ್ನು ಬಿಚ್ಚಿಕೊಂಡು ಬಂದೆವು. ಒಂದು ಖಾಲಿ ಅಂತ ತೋರಿಸ್ತು. ಇನ್ನೊಂದನ್ನು ಒರೆಸಿ, 201185 ಸೆಕ್ಟರ್ ಮಾತ್ರ ಓದಿಸಿದೆವು. ಚೆಕ್‌ಸಮ್ ಹೊಂದಿತು.